ಕೋಚ್ ಕುರ್ಚಿ

ಆರನೇ ಪಂದ್ಯವನ್ನೂ ಸೋತಿದ್ದೆವು. ಡ್ರೆಸ್ಸಿಂಗ್ ರೂಮಿಗೆ ನುಗ್ಗಿದ ಕಬಡ್ಡಿ ಸಂಘದ ಕಾರ್ಯದರ್ಶಿ ನಂಜರಾಜು ಪಕ್ಕದಲ್ಲಿದ್ದ ನನ್ನ ಕುರ್ಚಿಯನ್ನು ಒದ್ದು ಬೀಳಿಸಿದ.

"ಯಾರು ರೇಡ್‌ಗೆ ಹೋಗ್ಬೇಕು, ಯಾರನ್ನ ಕೂರಿಸ್ಬೇಕು, ಎಲ್ಲಾನೂ ಆಟಗಾರರ ಕಿವಿಯೊಳಗಿರೋ ಯಂತ್ರಾನೇ ಹೇಳುತ್ತೆ. ಕೋಚ್ ಅಂತ ನೀನು ಮಾಡೋದೇನಯ್ಯಾ, ಚಿಕ್ಕಲಿಂಗಯ್ಯ?"

"ಬೈಸ್ಕೊತೀನಿ ಸಾರ್."

"ಅದೂ ಒಂದು ಕೆಲ್ಸಾನಾ? ನಾನೇ ಮಾಡ್ತೀನಿ. ನೀನು ನಡಿ."

ಎಂಟು ವರ್ಷದಿಂದ ನಾನು ಮಾಡಿದ್ದು ಅದನ್ನೇ. ಸೋತ ದಿನ ಆಟಗಾರರು ಸ್ನಾನಕ್ಕೂ ಮೊದಲು ಒಬ್ಬೊಬ್ಬರಾಗಿ ಬಂದು ನನ್ನ ಮುಖಕ್ಕೇ ಬೈಯುತ್ತಾರೆ. ಯಂತ್ರಕ್ಕೆ ಬೈದರೆ ನಾಟುವುದಿಲ್ಲ. ಒಬ್ಬರಿಗೊಬ್ಬರು ಬೈದುಕೊಂಡರೆ ಮಾರನೇ ದಿನ ಕೈ ಕೈ ಹಿಡಿದು ರೇಡರ್‌ಗೆ ಅಡ್ಡ ನಿಲ್ಲುವುದಿಲ್ಲ. ಅದಕ್ಕೇ ನಾನು ತುಟಿ ಬಿಚ್ಚುತ್ತಿರಲಿಲ್ಲ.

ಬಿದ್ದಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದೆ. ನಂಜರಾಜು ಕಾಲ ಮೇಲೆ ಕಾಲು ಹಾಕಿ ಕೂತ. ನಮ್ಮ ಆಟಗಾರ ಬೋರೇಶ ಕುಂಟುತ್ತಾ ಕುರ್ಚಿಯ ಮುಂದೆ ಬಂದು ನಿಂತ.

"ನನ್ನ ಮಂಡಿ ಹಾಳಾಗಿದ್ದು ನಿನ್ನಿಂದ ಕಣಯ್ಯಾ. ನಾಚಿಕೆ ಆಗಲ್ವಾ ನಿಂಗೆ?"

ನಂಜರಾಜು ಸಿಡಿದೆದ್ದ. "ನನ್ನನ್ಯಾಕೋ ಅಂತೀಯಾ? ಕೊನೇ ಗಳಿಗೇಲಿ ನಿನ್ನ ಕೈ ಬಿಟ್ಟೋನು ಅವ್ನು."

ಬೆರಳು ಇನ್ನೊಬ್ಬ ಆಟಗಾರ ಮರಿಸ್ವಾಮಿಯ ಕಡೆಗಿತ್ತು. ಕೈ ಬಿಟ್ಟಿದ್ದು ನಿಜ, ನಾನೂ ನೋಡಿದ್ದೆ.

ಬೋರೇಶ ನಿಧಾನವಾಗಿ ಮರಿಸ್ವಾಮಿಯತ್ತ ತಿರುಗಿದ. ನಾನು ಹೊರಗೆ ಬಂದು ಬಾಗಿಲೆಳೆದುಕೊಂಡೆ.