ನಾಲ್ಕು ಮಾತು

"ಹಸಿವಾದ್ರ ಏನಂತೀ?"

"ಭೂಖ್ ಲಾಗೀ."

"ನೀರಡಿಸಿದ್ರ?"

"ಪಾಣೀ."

"ಒಂದಕ್ಕ ಬಂದ್ರ?"

"ಪೇಶಾಬ್."

"ನೋವಾದ್ರ?"

ಕೇಶವ ಸ್ವಲ್ಪ ಯೋಚಿಸಿದ. "ಅವ್ವಾ ಅಂತೀನಿ."

"ಅಲ್ಲೋ ನನ್ನಪ್ಪಾ, ಅಲ್ಲಿ ಅವ್ವ ಇರೂದಿಲ್ಲ. 'ದುಖೇ ಛೇ' ಅನ್ನಬೇಕು," ಎಂದಳು ಸುಲೋಚನಾ.

ಅರವತ್ಮೂರರ ಚಳಿಗಾಲ. ಬಡೋದೆಯ ಆಸ್ಪತ್ರೆಯೊಂದರಲ್ಲಿ, ಮಕ್ಕಳ ವಾರ್ಡಿನ ಹೊರಗಿನ ಕಟ್ಟೆಯ ಮೇಲೆ ನಡೆದಿತ್ತು ಈ ಪಾಠ. ಬ್ಯಾಂಕಿನವರು ಗಂಡ ಭೀಮಸೇನನನ್ನು ಧಾರವಾಡದಿಂದ ಇಲ್ಲಿಗೆ ವರ್ಗ ಮಾಡಿ ಎರಡೇ ತಿಂಗಳಾಗಿತ್ತು. ಸುಲೋಚನೆಗೆ ಬರುತ್ತಿದ್ದ ಗುಜರಾತಿ ಎಂದರೆ ಈ ನಾಲ್ಕು ಮಾತು; ಅವನ್ನೂ ಪಕ್ಕದ ಮನೆಯ ಇಂದುಮತಿಬೆನ್ ಹತ್ತಿರ ನಿನ್ನೆ ಸಂಜೆ ಅಕ್ಕಿ ಆರಿಸುತ್ತ ಕುಳಿತು ಕಲಿತು ಬಂದಿದ್ದಳು. ವಾರ್ಡಿನೊಳಗೆ ತಾಯಂದಿರು ಇರುವಂತಿಲ್ಲ. ಭಾನುವಾರ ನಾಲ್ಕರಿಂದ ಐದು, ಅಷ್ಟೇ ಹೊತ್ತು ನೋಡಲು ಬಿಡುತ್ತಾರೆ.

ನಾಲ್ಕು ವರ್ಷದ ಕೇಶವನಿಗೆ ಹರ್ನಿಯಾ. ಅತ್ತಾಗಲೆಲ್ಲ ತೊಡೆಸಂದಿಯಲ್ಲಿ ನಿಂಬೆಕಾಯಿಯಷ್ಟು ಗಂಟು ಉಬ್ಬುತ್ತಿತ್ತು. ಅದು ಎಂದಾದರೂ ಒಳಗೆ ಹೋಗದೆ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ ಎಂದು ಧಾರವಾಡದ ಡಾಕ್ಟರು ಹೇಳಿದ್ದರು. ಅಂದಿನಿಂದ ಒಂದು ವರ್ಷ, ಮಗ ಅಳದಂತೆ ಕಾಯುವುದೇ ಸುಲೋಚನೆಯ ಬದುಕಾಗಿತ್ತು. ಅವನ ತುಟಿ ಸೊಟ್ಟಗಾಯಿತೆಂದರೆ ಸಾಕು, ಒಲೆಯ ಮೇಲಿನ ಹಾಲು ಉಕ್ಕಿ ಹೋದರೂ ಬಿಟ್ಟು ಓಡುವಳು. ಬಾಯಿಗೆ ಬೆಲ್ಲದ ಚೂರು ಇಡುವಳು, ಕಾಗೆ ತೋರಿಸುವಳು, ಕೇಳಿದ್ದೆಲ್ಲ ಕೊಡುವಳು.

ಸಿಸ್ಟರ್ ಬಂದು ಹುಡುಗನ ಕೈ ಹಿಡಿದಳು. ಬಾಗಿಲ ಹತ್ತಿರ ಅವನು ತಿರುಗಿದ.

"ಅವ್ವಾ, ನೀ ಎಲ್ಲಿರ್ತಿ?"

"ಇಲ್ಲೇ, ಈ ಬಾಗಲದಾಗ."

ಬುಧವಾರ ಆಪರೇಷನ್ ಆಯಿತು. ಚೆನ್ನಾಗಿ ಆಗಿದೆ ಎಂದರು. ಭಾನುವಾರ ನಾಲ್ಕಕ್ಕೆ ಗಂಡ ಹೆಂಡತಿ ಇಬ್ಬರೂ ಹೋದರು. ಉಳಿದ ತಾಯಂದಿರು ಸೆರಗು ಸರಿಮಾಡಿಕೊಳ್ಳುತ್ತ ಒಳಗೆ ನುಗ್ಗುತ್ತಿದ್ದಂತೆ ಸಿಸ್ಟರ್ ಇವರನ್ನು ಪಕ್ಕಕ್ಕೆ ಕರೆದು ಹಿಂದಿಯಲ್ಲಿ ಏನೋ ಹೇಳಿದಳು. ಭೀಮಸೇನ ಅದನ್ನು ಹೆಂಡತಿಗೆ ತಿಳಿಸಿದ: ನೀವು ಬಂದಾಗ ನಗುತ್ತಾನೆ, ಎದ್ದು ಹೋಗುವಾಗ ಅಳುತ್ತಾನೆ, ಹೊಲಿಗೆ ಇನ್ನೂ ಹಸಿಯಾಗಿದೆ, ಆಮೇಲೆ ನಿಮ್ಮಿಷ್ಟ.

"ಏನಾಗೂದಿಲ್ಲ, ಒಳಗ ಹೋಗೂಣು ನಡಿ," ಎಂದ ಭೀಮಸೇನ. "ಹುಡುಗ ದಾರಿ ನೋಡ್ತಿರ್ತಾನ."

"ಅತ್ತರ?"

"ಅತ್ತರ ಅಳ್ಲಿ. ಹುಡುಗರು ಅಳದ ಏನ್ ಮಾಡ್ತಾವ?"

"ನಿಮಗೇನ್ರೀ, ಆಫೀಸಿಗೆ ಹೋಗಿ ಕೂಡ್ತೀರಿ. ವರ್ಷಾನಗಟ್ಲೆ ಕಾದಾಕಿ ನಾನು. ಇನ್ನೆರಡು ದಿನದ್ದು ಈಗ ಕೆಡಿಸ್ಲೇನು?"

ಅವಳು ಒಳಗೆ ಹೋಗಲಿಲ್ಲ, ಗಂಡನನ್ನೂ ಬಿಡಲಿಲ್ಲ. ಪಕ್ಕದ ಕಿಟಕಿಯ ಜಾಳಿಗೆಗೆ ಹಣೆ ಹಚ್ಚಿ ನಿಂತಳು. ಮೂರನೆಯ ಮಂಚದ ಮೇಲೆ ಕೇಶವ ಕುಳಿತಿದ್ದ. ಯಾರೋ ತಲೆ ಬಾಚಿ ಪೌಡರು ಹಚ್ಚಿದ್ದರು. ಒಬ್ಬೊಬ್ಬ ತಾಯಿ ಬಾಗಿಲು ದಾಟಿದಾಗಲೂ ಅವನ ಕತ್ತು ಉದ್ದವಾಗುತ್ತಿತ್ತು. ಬರುವವರು ಮುಗಿದ ಮೇಲೂ ಅವನು ಬಾಗಿಲಿನಿಂದ ಕಣ್ಣು ತೆಗೆಯಲಿಲ್ಲ. ಕಿಟಕಿಯ ಕಡೆ ಒಮ್ಮೆಯೂ ನೋಡಲಿಲ್ಲ. ಅವ್ವ ಬಾಗಿಲಲ್ಲಿ ಇರುತ್ತೇನೆ ಎಂದಿದ್ದಳಲ್ಲ.

ಐದಕ್ಕೆ ಗಂಟೆ ಬಾರಿಸಿದರು. ತಾಯಂದಿರು ಎದ್ದರು, ಇಡೀ ವಾರ್ಡು ಒಂದೇ ಸಲಕ್ಕೆ ಅತ್ತಿತು. ಕೇಶವನೊಬ್ಬ ಗೋಡೆಯ ಕಡೆ ತಿರುಗಿ ಮಲಗಿದ.

"ನೋಡ್ರಿ, ಎಷ್ಟು ಶಾಣ್ಯಾ ಇದ್ದಾನ," ಎಂದಳು ಸುಲೋಚನಾ.

ಬುಧವಾರ ಬೆಳಿಗ್ಗೆ ಹೊಲಿಗೆ ಬಿಚ್ಚಿ ಮನೆಗೆ ಕಳಿಸಿದರು. ಗಾಯ ಪೂರ್ತಿ ಕೂಡಿದೆ, ಇನ್ನು ಎಷ್ಟು ಬೇಕಾದರೂ ಅಳಲಿ, ಏನೂ ಆಗುವುದಿಲ್ಲ ಎಂದು ಡಾಕ್ಟರು ನಕ್ಕರು. ಸಿಸ್ಟರ್ ಹುಡುಗನ ಕೆನ್ನೆ ತಟ್ಟಿ ಹೊಗಳಿದ್ದೇ ಹೊಗಳಿದ್ದು. ಟಾಂಗಾದಲ್ಲಿ ಕುಳಿತ ಮೇಲೆ ಸುಲೋಚನಾ ಕೇಳಿದಳು.

"ಏನಂದ್ಲು ಆಕಿ?"

"ಮೊದಲೆರಡು ದಿನ ದುಖೇ ಛೇ, ದುಖೇ ಛೇ ಅಂತ ಒಂದೇ ಸವನ ಅಳ್ತಿದ್ನಂತ," ಎಂದ ಭೀಮಸೇನ, ರಸ್ತೆಯ ಕಡೆ ನೋಡುತ್ತ. "ನೋವಿಲ್ಲ, 'ನಥೀ ದುಖ್ತು' ಅಂದವರನ್ನ ಲಗೂ ಅವ್ವನ ಕಡೆ ಕಳಸ್ತೀವಿ ಅಂತ ಹೇಳಿಕೊಟ್ಲಂತ. ಆಮ್ಯಾಲೆ ಒಂದ್ಸಲನೂ ಅಳಲಿಲ್ಲಂತ."

ಮನೆಯ ಮುಂದೆ ಟಾಂಗಾ ನಿಂತಿತು. ಕೇಶವನನ್ನು ಭೀಮಸೇನ ಇಳಿಸಿದ. ಸುಲೋಚನಾ ಮೊದಲು ಹೋಗಿ ಬೀಗ ತೆಗೆದಳು. ಹಿಂದಿನಿಂದ ಬಂದ ಹುಡುಗ ಕಲ್ಲಿನ ಮೆಟ್ಟಿಲಿಗೆ ಎಡವಿ ಬಿದ್ದ. ಮೊಣಕಾಲು ತರಚಿ ರಕ್ತ ಜಿನುಗಿತು. ಹಳೆಯ ಅಭ್ಯಾಸದಂತೆ ಅವಳು ಓಡಿ ಬಂದಳು. ಬಾಯಿ ಮುಚ್ಚಿಸಲು ಚಾಚಿದ ಕೈ ಅರ್ಧಕ್ಕೇ ನಿಂತಿತು. ಈಗ ಅಳಬಹುದಲ್ಲ. ಅವಳು ಮೆಟ್ಟಿಲ ಮೇಲೆ ಕುಳಿತು ಎರಡೂ ತೋಳು ಚಾಚಿದಳು.

"ಅಳೋ ನನ್ನ ಕೂಸ. ಎಷ್ಟು ಬೇಕಾದ್ರೂ ಅಳು. ಅವ್ವ ಬ್ಯಾಡ ಅನ್ನೂದಿಲ್ಲ."

ಕೇಶವನ ತುಟಿ ಸೊಟ್ಟಗಾಯಿತು, ಕಣ್ಣು ತುಂಬಿ ಬಂತು. ಅವಳ ಮುಖ ನೋಡಿದ, ಅವಳ ಹಿಂದೆ ತೆರೆದಿದ್ದ ಬಾಗಿಲು ನೋಡಿದ. ಅಂಗೈಯಿಂದ ಮೊಣಕಾಲಿನ ರಕ್ತವನ್ನು ಬೇಗ ಬೇಗ ಒರೆಸಿ, ಆ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು ನೆಟ್ಟಗೆ ನಿಂತ.

"ನಥೀ ದುಖ್ತು, ಸಿಸ್ಟರ್," ಎಂದ.