ಎರಡು ಲೋಟ ನೀರು

"ನಾಳೆಯಿಂದ ಮೆಸ್ಸಿನವರಿಗೆ ಹೇಳಿಬಿಡಿ. ಮೂರು ಜನರ ಊಟ ಕ್ಯಾರಿಯರಿನಲ್ಲಿ ಬಂದ್ರೆ ಸಾಕು," ಎಂದು ಗಂಡನಿಗೆ ಹೇಳಿ ಟೈಲರಮ್ಮ ಇಸ್ತ್ರಿಪೆಟ್ಟಿಗೆಯ ಮುಚ್ಚಳ ತೆರೆದಳು. ಕೊನೆಯ ಅಂಗಿಯ ಇಸ್ತ್ರಿ ಮುಗಿದಿತ್ತು, ಒಳಗಿನ ಇದ್ದಿಲು ಇನ್ನೂ ನಿಗಿನಿಗಿ ಅನ್ನುತ್ತಿತ್ತು. ಅದರ ಮೇಲೊಂದು ತಂತಿಯ ಜಾಲರಿ ಇಟ್ಟು, ಹಿತ್ತಿಲ ಮೆಟ್ಟಿಲ ಮೇಲೆ ಕೂತು, ಗಿರಾಕಿಯೊಬ್ಬರು ಕೊಟ್ಟುಹೋಗಿದ್ದ ಮುಸುಕಿನ ಜೋಳದ ತೆನೆಗಳನ್ನು ಸುಲಿಯತೊಡಗಿದಳು. ಈ ಮನೆಗೆ ತನ್ನ ಕೈಯಿಂದ ಇದೇ ಕೊನೆಯ ರಾತ್ರಿಯೂಟ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಬಸ್ ಕಂಡಕ್ಟರ್ ಗಂಡ ಹೂಂ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಅವನು ಬೇಡ ಅನ್ನದೇ ಇದ್ದದ್ದೇ ಅವಳಿಗೆ ಹೆಚ್ಚು ಚುಚ್ಚಿತು.

ಹೋದ ತಿಂಗಳ ಜ್ವರ ಬಿಟ್ಟುಹೋಗುವಾಗ ಅವಳ ಮೂಗು, ನಾಲಿಗೆ ಎರಡನ್ನೂ ಗಂಟುಕಟ್ಟಿಕೊಂಡು ಹೋಗಿತ್ತು. ಸಾಬೂನಿಗೂ ಸೀಮೆಎಣ್ಣೆಗೂ ವ್ಯತ್ಯಾಸವಿಲ್ಲ, ಸಕ್ಕರೆಯೂ ಒಂದೇ ಮರಳೂ ಒಂದೇ. ಹಾಸಿಗೆ ಬಿಟ್ಟೆದ್ದ ಮೊದಲ ದಿನ ಬೇಳೆಗೆ ಉಪ್ಪು ಹಾಕುವುದನ್ನೇ ಮರೆತಳು. ಆ ತಪ್ಪು ಅವಳದೇ. ಆಮೇಲೆ ಮಾತ್ರ ಎಷ್ಟು ಮೈಯೆಲ್ಲ ಕಣ್ಣಾಗಿ ಅಡುಗೆ ಮಾಡಿದರೂ ಅದು ಹಳಿಗೆ ಬರಲಿಲ್ಲ. ಒಂದು ದಿನ ಉಪ್ಪುಪ್ಪು, ಮರುದಿನ ನೀರುನೀರು, ಅದರ ಮರುದಿನ ಮತ್ತೆ ಉಪ್ಪು. ಕುದಿಯುವ ಪಾತ್ರೆಯಿಂದ ರುಚಿ ನೋಡುವ ಪದ್ಧತಿ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ; ಅದು ಅಂದಾಜು ಇಲ್ಲದವರ ಕೆಲಸ ಎಂದು ಅತ್ತೆ ಮದುವೆಯಾದ ಹೊಸದರಲ್ಲೇ ಹೇಳಿಕೊಟ್ಟಿದ್ದರು. ಹಾಗಾಗಿ ಊಟದ ವಿಷಯ ಅವಳಿಗೆ ತಿಳಿಯುತ್ತಿದ್ದದ್ದು ಎದುರು ಕೂತವರ ಮುಖದಿಂದ. ನಿನ್ನೆ ಆಲೂಗಡ್ಡೆ ಸೂಪು ಬಾಯಿಗಿಟ್ಟ ಅತ್ತೆ ಕಣ್ಣು ಮುಚ್ಚಿಕೊಂಡು "ಚೆನ್ನಾಗಿದೆ ಕಣಮ್ಮ" ಅಂದು ಅರ್ಧ ಚೊಂಬು ನೀರು ಕುಡಿದರು. ಟೇಪು ಹಿಡಿಯದೆ ತೋಳಿನುದ್ದ ಹೇಳುವ ತನ್ನ ಕೈಗೆ ಒಂದು ಚಮಚ ಉಪ್ಪು ಬಗ್ಗುತ್ತಿಲ್ಲವಲ್ಲ ಎಂದು ಅವಳು ಪಾತ್ರೆ ತೊಳೆಯುತ್ತಾ ಅತ್ತಿದ್ದಳು.

ತೆನೆ ಕೆಂಡದ ಮೇಲೆ ಬಿತ್ತು. ಮೂಗು ಕೈಕೊಟ್ಟರೇನು, ಕಿವಿ ನೆಟ್ಟಗಿತ್ತು. ಕಾಳು ಚಟ್ ಅಂದ ಕಡೆ ತಿರುಗಿಸಿದಳು, ಸುಮ್ಮನಿದ್ದ ಕಡೆಯನ್ನು ಇನ್ನಷ್ಟು ಹೊತ್ತು ಕೆಂಡಕ್ಕೆ ಬಿಟ್ಟಳು. ಹೊಲಿಗೆಯಂತ್ರದ ಸದ್ದು ಕೇಳಿ ನೂಲಿನ ಬಿಗಿ ಹೇಳುವವಳಿಗೆ ಅದೇನು ದೊಡ್ಡದಲ್ಲ.

ಅಷ್ಟರಲ್ಲಿ ಅತ್ತೆ ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಬಂದು ಪಕ್ಕದಲ್ಲಿ ಕೂತರು.

"ಇಲ್ಲಿ ಹೊಗೆ ಅತ್ತೆ. ಒಳಗೆ ಕೂತ್ಕೊಳ್ಳಿ, ಅಲ್ಲಿಗೇ ತಂದುಕೊಡ್ತೀನಿ."

"ಇರಲಿ ಬಿಡಮ್ಮ. ಅಲ್ಲ, ಪಾತ್ರೆ ಏನೂ ಇಟ್ಟೇ ಇಲ್ವಲ್ಲ?"

"ಜೋಳ ಸುಡೋಕೆ ಪಾತ್ರೆ ಯಾಕತ್ತೆ?"

ಒಂದು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗಂಡನೂ ಬಂದ. "ನೆಂಚಿಕೊಳ್ಳೋಕೆ ಏನಾದ್ರೂ ಕುದಿಸ್ತೀಯೇನೋ ಅಂದ್ಕೊಂಡೆ."

"ಇಲ್ಲ ರೀ. ಇವತ್ತು ಇಷ್ಟೇ."

ತಾಯಿ ಮಗ ಇಬ್ಬರೂ ಪೆಚ್ಚಾದರು. ಅವಳು ನಿಂಬೆಹೋಳನ್ನು ಉಪ್ಪು ಖಾರದ ಪುಡಿಗೆ ಒತ್ತಿ, ತೆನೆಯ ತುದಿಯಿಂದ ಬುಡಕ್ಕೆ ಸೀಮೆಸುಣ್ಣದಲ್ಲಿ ಬಟ್ಟೆಗೆ ಗೆರೆ ಎಳೆದಂತೆ ಎಳೆದು, ಒಂದೊಂದನ್ನೂ ನೇರವಾಗಿ ಅವರ ಕೈಗೇ ಕೊಟ್ಟಳು. ಬಿಸಿ ತೆನೆ ಹಿಡಿಯಲು ಎರಡೂ ಕೈ ಬೇಕಾದವು. ಇಬ್ಬರೂ ಅವಸರದಲ್ಲಿ ಏನನ್ನೋ ಹಿಂದಕ್ಕೆ ಇಟ್ಟರು.

ಅತ್ತೆ ಕಚ್ಚಿದರು. ಅವಳು ಅವರ ಮುಖವನ್ನೇ ನೋಡಿದಳು. ಅತ್ತೆ ಕಣ್ಣು ಮುಚ್ಚಲಿಲ್ಲ. ಮೊದಲ ತುತ್ತು ಬಾಯಲ್ಲಿರುವಾಗಲೇ ಇನ್ನೊಮ್ಮೆ ಕಚ್ಚಿದರು.

"ಉಪ್ಪು ಅಂದ್ರೆ ಇದು ಕಣೇ. ಹುಳಿ, ಖಾರ, ಎಲ್ಲಾ ಅಳೆದಿಟ್ಟ ಹಾಗಿದೆ."

ಗಂಡ ತೆನೆಯನ್ನು ಬೋಳು ಮಾಡಿದ. ಇನ್ನೊಂದು ಕೊಡು ಎಂದು ಮುಂದೆ ಬಾಗಿದಾಗ ಅವನ ಕಾಲು ತಗುಲಿ ಹಿಂದೆ ಗಾಜಿಗೆ ಗಾಜು ಠಣ್ ಎಂದಿತು. ಅವಳು ಕತ್ತು ಚಾಚಿ ನೋಡಿದಳು. ಮೆಟ್ಟಿಲ ಮೇಲೆ ಅಕ್ಕಪಕ್ಕದಲ್ಲಿ ಎರಡು ಲೋಟ, ಎರಡರಲ್ಲೂ ತುಂಬಾ ನೀರು.

"ಇದು ಯಾರಿಗೆ?"

ಅತ್ತೆ ತಡವರಿಸಿದರು. "ನಿನ್ನೆ ಉಪ್ಪು ಸ್ವಲ್ಪ ಮುಂದಾಗಿತ್ತಲ್ಲಮ್ಮ. ಹೇಳಿದ್ರೆ ನೊಂದ್ಕೋತೀಯ ಅಂತ, ಇವತ್ತು ನೀನು ಆ ಕಡೆ ಹೋದಾಗ ಪಾತ್ರೆಗೆ ಒಂದು ಲೋಟ ನೀರು..."

ಗಂಡ ಬೆಚ್ಚಿ ನೋಡಿದ. "ನೀನೂ ಹುಯ್ತಿದ್ಯೇನಮ್ಮ?"

"ನೀನೂ ಅಂದ್ರೆ? ನೀನು ಯಾವಾಗ ಹುಯ್ದೆ?"

"ಮೊನ್ನೆ. ಅದು ನೀರಾಯ್ತು ಅಂತ ನಿನ್ನೆ ಒಂದು ಚಮಚ ಉಪ್ಪು ಹಾಕ್ದೆ."

"ಅಯ್ಯೋ, ನಾನೂ ಹಾಕಿದ್ನಲ್ಲೋ."

ಟೈಲರಮ್ಮನಿಗೆ ಎಲ್ಲ ಅರ್ಥವಾಯಿತು. ಮೊದಲ ದಿನ ಬಿಟ್ಟರೆ ಅವಳ ಕೈ ಒಂದು ದಿನವೂ ತಪ್ಪಿರಲಿಲ್ಲ. ಪ್ರೀತಿಯೇ ಒಬ್ಬರಿಗೊಬ್ಬರಿಗೆ ಗೊತ್ತಿಲ್ಲದ ಹಾಗೆ ಕಳ್ಳಹೆಜ್ಜೆ ಇಟ್ಟು ಅಡುಗೆಮನೆಗೆ ಬಂದು ಅವಳ ಅಡುಗೆ ಕೆಡಿಸುತ್ತಿತ್ತು. ಅವಳಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಜ್ವರ ಬಂದ ಮೇಲೆ ನಕ್ಕದ್ದು ಅದೇ ಮೊದಲು. ಗೆದ್ದೆ ಅನ್ನಿಸಿತು, ಬೆನ್ನು ತಾನಾಗಿ ನೆಟ್ಟಗಾಯಿತು. ಎರಡೂ ಲೋಟ ಎತ್ತಿ, ಒಂದರ ಹಿಂದೊಂದು ಗಟಗಟ ಕುಡಿದು ಕೆಳಗಿಟ್ಟಳು.

"ಮೆಸ್ಸಿನವರಿಗೆ ಏನೂ ಹೇಳೋದು ಬೇಡ ರೀ," ಅಂದಳು.

ಮರುದಿನ ಸಂಜೆ ಅಡುಗೆಮನೆಯ ಚಿಲಕ ಒಳಗಿನಿಂದ ಬಿದ್ದಿತ್ತು. ಹೊರಗೆ ಅತ್ತೆ, ಗಂಡ ಇಬ್ಬರೂ ಬರಿಗೈಯಲ್ಲಿ ಬಾಗಿಲಿಗೆ ಆತುಕೊಂಡು ನಿಂತಿದ್ದರು.

"ಅತ್ತೆ, ಬೆಳ್ಳುಳ್ಳಿ ಘಮ ಬಂತಾ?" ಒಳಗಿನಿಂದ ಕೂಗಿದಳು.

ಅತ್ತೆ ಬಾಗಿಲ ಸಂದಿಗೆ ಮೂಗಿಟ್ಟು ಎಳೆದುಕೊಂಡರು. "ಇನ್ನೊಂಚೂರು ಬಿಡಮ್ಮ. ನಾನೇ ಬಂದು ನೋಡ್ಲಾ?"

"ಬೇಡ ಅತ್ತೆ. ಮೂಗು ಮಾತ್ರ ಕೊಡಿ, ಕೈ ನಂದು ಇದೆ."