ಏಳು ವರ್ಷದ ಹಿಂದಿನ ಲೆಕ್ಕ

“ಕಂಪನಿಯ ಏಳು ವರ್ಷದ ಹಿಂದಿನ ತೆರಿಗೆ ಲೆಕ್ಕ ಮತ್ತೆ ತೆಗೀತಿದ್ದೀವಿ. ನೋಟಿಸ್ ಮುಟ್ಟಿತು ಅಂತ ಸಹಿ ಹಾಕಿ,” ಎಂದು ತೆರಿಗೆ ಅಧಿಕಾರಿ ಕಾಗದವನ್ನು ಮೇಜಿನ ಮೇಲೆ ಮುಂದಕ್ಕೆ ತಳ್ಳಿದ. ಸಾಬೂನು ಕಾರ್ಖಾನೆಯ ಲೆಕ್ಕದಾಕೆ ಅದನ್ನು ಮುಟ್ಟಲಿಲ್ಲ. “ಕಂಪನಿ ದಿವಾಳಿ ಎದ್ದಾಗ, ಬಾಕಿ ಬರಬೇಕಾದವರೆಲ್ಲ ಬಂದು ಹೇಳಿ ಅಂತ ಕೋರ್ಟು ಕರೀತಲ್ಲ ಸಾರ್, ಆಗ ಎಲ್ಲಿದ್ರಿ?”

“ಫೈಲು ಟೇಬಲ್‌ನಿಂದ ಟೇಬಲ್‌ಗೆ ಬರಬೇಕಲ್ಲಮ್ಮ.”

“ಪಾಪ, ಮಂಡಿನೋವಿರಬೇಕು ಅದಕ್ಕೆ,” ಎಂದಳು ಬಾಗಿಲಲ್ಲಿ ನಿಂತಿದ್ದ ಪ್ಯಾಕಿಂಗ್ ಅಕ್ಕ.

ಲೆಕ್ಕದಾಕೆಗೆ ನಗು ಬರಲಿಲ್ಲ. ಕೋರ್ಟು ಕರೆದ ದಿನ ಅವಳೂ ಅಕ್ಕನೂ ಸಾಲಿನಲ್ಲಿ ನಿಂತಿದ್ದರು. ಬಾಕಿ ಸಂಬಳದಲ್ಲಿ ಕಾಲು ಭಾಗ ಪಡೆದು, ಉಳಿದದ್ದನ್ನು ಎಂದೂ ಕೇಳುವುದಿಲ್ಲ ಎಂದು ಬರೆದುಕೊಟ್ಟಿದ್ದರು. ಹಳೆಯ ಬಾಕಿ ಯಾವುದೂ ಬೆನ್ನು ಹತ್ತುವುದಿಲ್ಲ ಎಂಬ ಕೋರ್ಟಿನ ಮಾತನ್ನು ನಂಬಿಯೇ ಹೊಸ ಮಾಲೀಕ ಕಾರ್ಖಾನೆ ಕೊಂಡಿದ್ದ. ಈ ನೋಟಿಸಿನ ಮೊತ್ತ ಕಟ್ಟಬೇಕಾಗಿ ಬಂದರೆ ಅವನೂ ಬೀಗ ಹಾಕುವುದು ಖಂಡಿತ. ನಲವತ್ತು ಹೆಂಗಸರು ಬೀದಿಗೆ. ಕೋರ್ಟು ಕೊಟ್ಟ ಕಾಲು ಸಂಬಳ ಹಿಡಿದು ಅಂದು ಅವಳು ಮನೆಗೆ ಹೋಗಿ, ನಿನ್ನ ಕಣ್ಣಿನ ಆಪರೇಷನ್ ಮುಂದಿನ ವರ್ಷ ಮಾಡಿಸೋಣ ಎಂದಾಗ ಅಮ್ಮ, “ಕಂಡಷ್ಟೇ ಸಾಕು ಬಿಡೇ,” ಎಂದಿದ್ದಳು. ಲೆಕ್ಕದಾಕೆ ಅಧಿಕಾರಿಯತ್ತ ತಿರುಗಿದಳು.

“ನಿಮ್ಮದು ತೆಗೆಯೋದಾದ್ರೆ ನಮ್ಮ ಸಂಬಳದ್ದೂ ತೆಗೀರಿ.”

“ಅದು ಹೇಗಾಗುತ್ತಮ್ಮ? ಕೋರ್ಟು ಮುಚ್ಚಿದ ಲೆಕ್ಕ ಅದು!” ಅಧಿಕಾರಿಯ ದನಿ ಏರಿತು.

ಅವಳು ನೋಟಿಸನ್ನು ಅವನತ್ತಲೇ ತಿರುಗಿಸಿದಳು. “ಈಗ ಹೇಳಿದ್ರಲ್ಲ ಸಾರ್, ಅದನ್ನೇ ಇದರ ಮೇಲೆ ಬರೀರಿ.”